ಸಂಕಟ ಬಂದಾಗ ನಾವು ಯಾರಾಗಿ ಕೈಮುಗಿಯುತ್ತೇವೆ?

(ಮಮದಾಪುರದಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು. ಕೆಲವರು ಬರೆದು ಕೊಡಿ ಅಂದದ್ದಕ್ಕೆ ಬರೆದದ್ದು.)



"ಸಂಕಟ ಬಂದಾಗ ವೆಂಕಟರಮಣ" ಎಂಬ ಗಾದೆಯನ್ನು ಶಾಲೆಯಲ್ಲಿ ನಮಗೆಲ್ಲ ಬಾಯಿಪಾಠ ಮಾಡಿಸಿದ್ದಾರೆ. ವಿಸ್ತರಿಸಿ ಬರೆಯಿರಿ ಅಂತ ಪರೀಕ್ಷೆಯಲ್ಲಿ ಕೇಳಿದ್ದಾರೆ. ನಾವೂ ಬರೆದು ಮಾರ್ಕು ತಗೊಂಡಿದ್ದೇವೆ. ಆದರೆ ನಮ್ಮ ಕೇರಿಯಲ್ಲಿ ಯಾರಿಗಾದರೂ ಸಂಕಟ ಬಂದಾಗ ವೆಂಕಟರಮಣನ ಹೆಸರು ಎತ್ತಿದ್ದನ್ನು ನಾವು ಕೇಳಿಲ್ಲ. ಅವನ ಊರು ದೂರ, ಅವನ ಖರ್ಚು ದೊಡ್ಡದು. ನಮ್ಮವರಿಗೆ ಸವದತ್ತಿಯ ಗುಡ್ಡ, ಚಿಂಚಲಿಯ ಮಾಯಕ್ಕ, ಊರ ದ್ಯಾಮವ್ವ. ಅಲ್ಲಿಗೆ ನಡೆದುಕೊಂಡಾದರೂ ಹೋಗಬಹುದು.

ದೇವರು ಇದ್ದಾನೋ ಇಲ್ಲವೋ ಅಂತ ಇವತ್ತು ಮಾತಾಡುವುದಿಲ್ಲ. ಆ ಜಗಳ ಪ್ರತಿ ಹಾಸ್ಟೆಲಿನಲ್ಲೂ ರಾತ್ರಿ ಊಟದ ಮೇಲೆ ನಡೆಯುತ್ತದೆ. ತಾಟು ತೊಳೆಯುವ ಹೊತ್ತಿಗೆ ದೇವರು ಸತ್ತಿರುತ್ತಾನೆ. ಪರೀಕ್ಷೆಯ ಟೈಮ್‌ಟೇಬಲ್ ಬೋರ್ಡಿಗೆ ಹಚ್ಚಿದ ದಿನ ಮತ್ತೆ ಹುಟ್ಟುತ್ತಾನೆ. ಕೈಯಲ್ಲಿ ದಾರ ಕಟ್ಟಿಕೊಂಡು, ಮೇಲೆ ಉದ್ದ ತೋಳಿನ ಅಂಗಿ ತೊಟ್ಟು ಚಳವಳಿಯ ಹಾಡು ಹಾಡಿದವರು ನಮ್ಮೊಳಗೂ ಇದ್ದೇವೆ. ಇದನ್ನು ನಗುವುದಕ್ಕೆ ಹೇಳುತ್ತಿಲ್ಲ. ಕೈಮುಗಿಯುವುದು ಒಂದು ಮಾತಾದರೆ, ಕೈಮುಗಿದು ನಿಂತವನು ತನ್ನನ್ನು ತಾನು ಯಾರು ಅಂದುಕೊಂಡು ನಿಂತಿದ್ದಾನೆ ಅನ್ನುವುದು ಇನ್ನೊಂದು ಮಾತು. ನಮ್ಮ ಕೇರಿಯ ಮಟ್ಟಿಗೆ ಈ ಎರಡನೆಯದೇ ಜೀವ ಉಳಿಸುವ, ಜೀವ ತೆಗೆಯುವ ಮಾತು.

ಕೆಲವು ವರ್ಷಗಳ ಹಿಂದಿನ ಒಂದು ಸಂಗತಿ ಕೇಳಿ. ಮನೆ ಯಾವುದು ಅಂತ ಹೇಳುವುದಿಲ್ಲ, ಗೊತ್ತಿದ್ದವರು ಸುಮ್ಮನಿರಬೇಕು. ಆ ಮನೆಯ ಯಜಮಾನ ಕಬ್ಬು ಕಡಿಯುವ ಗ್ಯಾಂಗಿಗೆ ಹೋಗುತ್ತಿದ್ದ. ಅಡ್ವಾನ್ಸು ತಗೊಂಡಿದ್ದ. ಅರ್ಧ ಹಂಗಾಮಿನಲ್ಲಿ ಕೆಮ್ಮು ಹಿಡಿಯಿತು. ಮೈ ಇಳಿಯಿತು. ರಾತ್ರಿ ಜ್ವರ. ಅಡ್ವಾನ್ಸು ಕೊಟ್ಟವರು ಬಾಗಿಲಿಗೆ ಬರುವುದಕ್ಕೆ ಶುರುಮಾಡಿದರು. ಅದೇ ಹೊತ್ತಿಗೆ ಹನ್ನೊಂದು ವರ್ಷದ ಮಗಳ ತಲೆಯಲ್ಲಿ ಕೂದಲು ಗಂಟುಗಟ್ಟಿ ಜಡೆ ಆಯಿತು.

ಜಡೆ ಅಂದರೆ ಏನೆಂದು ಪಟ್ಟಣದ ಗೆಳೆಯರಿಗೆ ಗೊತ್ತಿರಲಿಕ್ಕಿಲ್ಲ. ಎಣ್ಣೆ ಕಾಣದ, ಬಾಚಣಿಗೆ ಕಾಣದ ತಲೆಯಲ್ಲಿ ಹೊಟ್ಟು, ಧೂಳು, ಬೆವರು ಸೇರಿ ಕೂದಲು ಹಗ್ಗದ ಹಾಗೆ ಅಂಟಿಕೊಳ್ಳುತ್ತದೆ. ನಮ್ಮ ಕಡೆ ಅದಕ್ಕೆ ಅವ್ವನ ಕರೆ ಅನ್ನುತ್ತಾರೆ. ಯಲ್ಲವ್ವ ಹುಡುಗಿಯನ್ನು ಬೇಡಿದ್ದಾಳೆ, ಕೊಡದಿದ್ದರೆ ಮನೆಗೆ ಕಾಟ. ಅದಕ್ಕೆ ಭಂಡಾರ ಹಚ್ಚುತ್ತಾರೆ, ಕತ್ತರಿ ಮುಟ್ಟಿಸುವುದಿಲ್ಲ. ಆಮೇಲೆ ಒಂದು ಹುಣ್ಣಿಮೆಗೆ ಗುಡ್ಡಕ್ಕೆ ಕರೆದುಕೊಂಡು ಹೋಗಿ ಮುತ್ತು ಕಟ್ಟಿಸುತ್ತಾರೆ. ಈಗ ಗುಡ್ಡದ ಮೇಲೆ ಬಹಿರಂಗವಾಗಿ ಆಗುವುದಿಲ್ಲ. ಮನೆಯಲ್ಲಿ, ಗುಟ್ಟಾಗಿ, ನಾಲ್ಕು ಜನರ ಮುಂದೆ.

ಸುದ್ದಿ ಕೇಳಿ ನಾವು ನಾಲ್ಕೈದು ಮಂದಿ ಹಾಸ್ಟೆಲಿನಿಂದ ಓಡಿ ಬಂದೆವು. ಚಿಗವ್ವನ ಮುಂದೆ ಕೂತು ಭಾಷಣ ಮಾಡಿದೆವು. ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲೇ, ದೇವದಾಸಿ ಬಿಡುವುದರ ವಿರುದ್ಧ ಕಾಯ್ದೆ ಆಗಿದೆ ಅಂದೆವು. 1982ರಲ್ಲಿ ಕರ್ನಾಟಕದಲ್ಲಿ ಮತ್ತೊಂದು ಕಾಯ್ದೆ ಆಯಿತು, ಜೈಲು ಇದೆ, ದಂಡ ಇದೆ ಅಂದೆವು. ಜಡೆ ಹೇಗಾಗುತ್ತದೆ ಅಂತ ವಿಜ್ಞಾನ ಹೇಳಿದೆವು. ಆಕಿ ಎಲ್ಲ ಕೇಳಿಸಿಕೊಂಡಳು. ಚಹಾ ಕೊಟ್ಟಳು. ಆಮೇಲೆ ಅಂದಳು:

"ನಿಮ್ಮ ಕಾಯ್ದೆ ಇಟಗೊಂಡು ನಾ ಏನ್ ಮಾಡ್ಲಿ ತಮ್ಮಾ? ನಿಮ್ಮ ಕಾಕಾನ ಕೆಮ್ಮು ನಿಲ್ತೈತೇನು? ಏನರ ಪಾಪ ಮಾಡೇ ಈ ಕೇರ್ಯಾಗ ಹುಟ್ಟೀವಿ. ನಮ್ಮತ್ತಿ ಗುಡ್ಡಕ್ಕ ಒಂದು ಹೆಣ್ಣ ಬಿಡ್ತೀನಿ ಅಂದಾಕಿ ಬಿಡಲಿಲ್ಲ. ಆ ಸಾಲ ತೀರಸಬೇಕಲ್ಲ."

ನಾವು ಬಾಯಿ ಮುಚ್ಚಿಕೊಂಡು ಎದ್ದು ಬಂದೆವು. ದಾರಿಯಲ್ಲಿ ಒಬ್ಬ "ಈ ಜನ ಉದ್ಧಾರ ಆಗೂದಿಲ್ಲ" ಅಂದ. ಅವನಿಗೆ ಬೈಯಲಿಲ್ಲ, ಯಾಕೆಂದರೆ ನಾವೆಲ್ಲ ಮನಸ್ಸಿನಲ್ಲಿ ಅದನ್ನೇ ಅಂದುಕೊಂಡಿದ್ದೆವು. ಆದರೆ ಸಾಲ ಅನ್ನುವ ಆಕೆಯ ಮಾತು ಮಾತ್ರ ಕೊರೆಯುತ್ತಾ ಉಳಿಯಿತು.

ನೋಡಿ, ಸಂಕಟ ಗೌಡರ ಮನೆಗೂ ಬರುತ್ತದೆ. ಅವರ ಎಮ್ಮೆ ಸತ್ತರೆ ಡಾಕ್ಟರನ್ನು ಕರೆಸುತ್ತಾರೆ, ಜೋಯಿಸರನ್ನೂ ಕೇಳುತ್ತಾರೆ. ಜೋಯಿಸರು ಶನಿ ಅನ್ನುತ್ತಾರೆ, ರಾಹು ಅನ್ನುತ್ತಾರೆ. ತಪ್ಪು ಗ್ರಹದ್ದು. ಅದು ಹೊರಗಿನಿಂದ ಬಂತು, ಶಾಂತಿ ಮಾಡಿದರೆ ಹೊರಗೇ ಹೋಗುತ್ತದೆ. ನಮ್ಮ ಮನೆಯ ಸಂಕಟಕ್ಕೆ ಗ್ರಹ ಬೇಕಾಗಿಲ್ಲ. ನಾವು ಹುಟ್ಟಿದ್ದೇ ತಪ್ಪು. ಅದಕ್ಕೇ ಗೌಡರು ಕಾಯಿ ಕೊಡುತ್ತಾರೆ, ತುಪ್ಪ ಕೊಡುತ್ತಾರೆ, ಬೆಳ್ಳಿಯ ಕಣ್ಣು ಮಾಡಿಸಿ ಕೊಡುತ್ತಾರೆ. ನಾವು ಮಗಳನ್ನು ಕೊಡುತ್ತೇವೆ. ಹುಟ್ಟೇ ಸಾಲವಾದವನ ಹತ್ತಿರ ಸಾಲ ತೀರಿಸಲು ಮೈ ಬಿಟ್ಟು ಮತ್ತೇನಿದೆ? ಆಮೇಲೆ ಆ ಹುಡುಗಿಯ ಬಾಗಿಲಿಗೆ ರಾತ್ರಿ ಬರುವವಳು ಯಲ್ಲವ್ವ ಅಲ್ಲ. ಯಾರು ಬರುತ್ತಾರೆ ಅನ್ನುವುದು ನಮ್ಮೂರಿನ ನಾಯಿಗಳಿಗೂ ಗೊತ್ತು.

ಪಾಪ ಮಾಡಿ ಹುಟ್ಟಿದ್ದೇವೆ ಅನ್ನುವ ಮಾತು ಚಿಗವ್ವನ ಸ್ವಂತದ್ದಲ್ಲ. ದ್ಯಾಮವ್ವನ ಕಥೆ ನಿಮಗೆಲ್ಲ ಗೊತ್ತು. ಕೇರಿಯ ಹುಡುಗ ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ, ಗುಟ್ಟು ಬಯಲಾದ ಮೇಲೆ ಆಕೆ ದೇವಿಯಾದಳು, ಅವನು ಕೋಣನಾದ. ಪ್ರತಿ ಜಾತ್ರೆಯಲ್ಲೂ ಕಡಿಸಿಕೊಳ್ಳುವ ಕೋಣ ಅವನೇ. ಈ ಕಥೆಗೆ ಹಲಗೆ ಬಾರಿಸಿದವರು ಯಾರು? ನಮ್ಮ ಅಜ್ಜಂದಿರು. ತಮ್ಮನ್ನೇ ಕಡಿಯುವ ಕಥೆಗೆ ತಾವೇ ತಾಳ ಹಾಕಿದರು. ತಲೆಮಾರುಗಟ್ಟಲೆ ಹಂಗ ಬಾರಿಸಿದ ಮೇಲೆ ಅದು ಎದೆಯೊಳಗಿನ ಬಡಿತದ ಹಾಗೇ ಕೇಳಿಸತೊಡಗುತ್ತದೆ.

ಭಕ್ತಿಯಲ್ಲಿ ಎಲ್ಲ ಸಮಾನ ಅಂತ ಪಾಠದಲ್ಲಿ ಬರುತ್ತದಲ್ಲ, ಅದನ್ನೂ ಸ್ವಲ್ಪ ನೋಡೋಣ. ಬಿಜಾಪುರ ದಾಟಿ ಮುಂದೆ ಹೋದರೆ ಮಂಗಳವೇಢೆ. ಹದಿನಾಲ್ಕನೆಯ ಶತಮಾನದಲ್ಲಿ ಅಲ್ಲಿ ಚೋಖಾಮೇಳ ಎಂಬ ಮಹಾರ ಸಂತನಿದ್ದ. ಪಂಢರಪುರದ ವಿಠ್ಠಲನ ಭಕ್ತ. ಗುಡಿಯೊಳಗೆ ಬಿಡಲಿಲ್ಲ. ಗೋಡೆ ಕಟ್ಟುವ ಕೆಲಸದಲ್ಲಿ ಗೋಡೆ ಬಿದ್ದು ಸತ್ತ ಅನ್ನುತ್ತಾರೆ. ಅವನ ಸಮಾಧಿ ಇರುವುದು ಗುಡಿಯ ಹೊರಗೆ, ಬಾಗಿಲ ಮೆಟ್ಟಿಲ ಬುಡದಲ್ಲಿ. ಅವನ ಹೆಸರಿನಲ್ಲಿರುವ ಹಾಡುಗಳಲ್ಲಿ ಜಾತಿಯ ನೋವಿದೆ, ಪ್ರಶ್ನೆಯೂ ಇದೆ. ಆದರೆ ಹಿಂದಿನ ಜನ್ಮದ ಕರ್ಮದಿಂದ ಈ ಹುಟ್ಟು ಬಂತು ಎಂದು ಒಪ್ಪಿಕೊಳ್ಳುವ ಹಾಡುಗಳೂ ಇವೆ. ಅವನ ಮಗ ಕರ್ಮಮೇಳ. ಅವನೂ ಅದೇ ವಿಠ್ಠಲನ ಭಕ್ತ. ಆದರೆ ಅವನ ಹಾಡಿನ ದನಿ ಬೇರೆ. ನಮ್ಮನ್ನು ಕೀಳಾಗಿ ಹುಟ್ಟಿಸಿ ಎಂಜಲು ತಿನ್ನಿಸುತ್ತೀಯಲ್ಲ, ನಿನಗೆ ನಾಚಿಕೆ ಬೇಡವೇ ಅಂತ ದೇವರನ್ನೇ ತರಾಟೆಗೆ ತಗೊಳ್ಳುತ್ತಾನೆ. ಒಂದೇ ಮನೆ, ಒಂದೇ ದೇವರು, ಒಂದೇ ಹಸಿವು. ಅಪ್ಪನ ಹಾಡಿನಲ್ಲಿ ತಪ್ಪು ತನ್ನದು. ಮಗನ ಹಾಡಿನಲ್ಲಿ ತಪ್ಪು ದೇವರದು. ನಡುವೆ ಬದಲಾದದ್ದು ದೇವರಲ್ಲ. ಅಂದಹಾಗೆ ಆ ಗುಡಿ ನಮ್ಮವರಿಗೆ ತೆರೆದದ್ದು 1947ರಲ್ಲಿ, ಸಾನೆ ಗುರೂಜಿ ಉಪವಾಸ ಕೂತ ಮೇಲೆ!

ಈ ವಿಷಯವನ್ನು ಮನಃಶಾಸ್ತ್ರದವರೂ ನೋಡಿದ್ದಾರೆ. ಅಮೆರಿಕದ ಕೆನೆತ್ ಪಾರ್ಗಮೆಂಟ್ ಮತ್ತು ಅವರ ಸಂಗಡಿಗರು 1988ರಲ್ಲಿ ಸಂಕಟದಲ್ಲಿ ದೇವರ ಜೊತೆ ನಡೆದುಕೊಳ್ಳುವ ಮೂರು ರೀತಿ ಹೇಳಿದರು. ಎಲ್ಲ ದೇವರ ಮೇಲೆ ಹಾಕಿ ಕೂರುವವರು, ಎಲ್ಲ ತಾವೇ ಮಾಡಿಕೊಳ್ಳುವವರು, ದೇವರನ್ನು ಜೊತೆಗಾರನೆಂದು ತಿಳಿದು ಕೂಡಿ ಮಾಡುವವರು. ಬಂದ ಕಷ್ಟವನ್ನು ದೇವರ ಶಿಕ್ಷೆ ಎಂದು ತಿಳಿದವರು ಕಷ್ಟದಲ್ಲಿ ಇನ್ನಷ್ಟು ಕುಸಿಯುತ್ತಾರೆ ಎಂಬುದನ್ನೂ ಅಂಥ ಅಧ್ಯಯನಗಳು ಕಂಡಿವೆ. ಓದಿದಾಗ ನಮಗೆ ಖುಷಿಯಾಯಿತು. ಆದರೆ ಆ ಮೂರರ ಪಟ್ಟಿಯಲ್ಲಿ ಚಿಗವ್ವನನ್ನು ಎಲ್ಲಿ ಕೂಡಿಸುವುದು? ಆಕಿ ಸುಮ್ಮನೆ ಕೂತವಳಲ್ಲ, ದೇವರ ಜೊತೆಗಾರ್ತಿಯೂ ಅಲ್ಲ. ಆಕಿ ಸಾಲಗಾರ್ತಿ. ನಮ್ಮ ಕೇರಿಯಿಂದ ಆ ಪಟ್ಟಿಗೆ ನಾಲ್ಕನೆಯದೊಂದು ಸೇರಿಸಬೇಕು.

ಈಗ ಬಾಬಾಸಾಹೇಬರ ಮನೆಗೆ ಬರೋಣ. ನಾವು ಅವರ ಫೋಟೋ ನೋಡಿ ನೋಡಿ ಅವರಿಗೆ ಮನೆ ಇತ್ತು, ಅಲ್ಲಿ ಸಾವು ಇತ್ತು ಅನ್ನುವುದನ್ನೇ ಮರೆತಿದ್ದೇವೆ. 1925ರಲ್ಲಿ ಅವರು ನಮ್ಮ ಜಿಲ್ಲೆಯ ನಿಪ್ಪಾಣಿಗೆ ಬಂದು ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ಮರುವರ್ಷ, 1926ರಲ್ಲಿ, ಅವರ ಮುದ್ದಿನ ಮಗ ರಾಜರತ್ನ ತೀರಿಕೊಂಡ. ಒಟ್ಟು ನಾಲ್ಕು ಮಕ್ಕಳನ್ನು ಆ ದಂಪತಿ ಕಳಕೊಂಡರು. ರಮಾಬಾಯಿ ಉಪವಾಸ ಮಾಡುವವರು, ವ್ರತ ಹಿಡಿಯುವವರು, ನಮ್ಮ ಅವ್ವಂದಿರ ಹಾಗೆಯೇ. ಪಂಢರಪುರಕ್ಕೆ ಹೋಗಬೇಕೆಂದು ಅವರಿಗೆ ಬಹಳ ಆಸೆ. ಚೋಖಾಮೇಳನ ಮೆಟ್ಟಿಲ ಬುಡದಲ್ಲೇ ನಿಂತು ಬರಬೇಕಿತ್ತು. ಭಕ್ತರನ್ನು ದೂರ ನಿಲ್ಲಿಸುವ ಆ ಪಂಢರಪುರ ಯಾಕೆ, ನಾವು ಬೇರೆಯದೇ ಪಂಢರಪುರ ಕಟ್ಟೋಣ ಅಂತ ಬಾಬಾಸಾಹೇಬರು ಹೆಂಡತಿಗೆ ಸಮಾಧಾನ ಹೇಳಿದ್ದನ್ನು ಧನಂಜಯ ಕೀರ ಬರೆದಿದ್ದಾರೆ.

1935ರ ಮೇ 27ರಂದು ರಮಾಬಾಯಿ ತೀರಿಕೊಂಡರು. ಅಷ್ಟು ಓದಿದ ಬ್ಯಾರಿಸ್ಟರು ಏನು ಮಾಡಿದರು? ತಲೆ ಬೋಳಿಸಿಕೊಂಡರು. ಬಾಗಿಲು ಹಾಕಿಕೊಂಡು ಮಗುವಿನ ಹಾಗೆ ಅತ್ತರು. ಶಾಸ್ತ್ರದ ಕೆಲಸಗಳನ್ನು ತಮ್ಮ ಜಾತಿಯವನೇ ಆದ ಹಳೆಯ ಗೆಳೆಯನಿಂದ ಮಾಡಿಸಿದರು. ಇದನ್ನು ನಾವು ಮುಚ್ಚಿಡಬಾರದು. ಸಾವಿನ ಮುಂದೆ ಅವರಿಗೂ ಯಾವುದೋ ಒಂದು ವಿಧಿ, ಒಂದು ನೆರಳು ಬೇಕಾಯಿತು. ಆದರೆ ಆ ದುಃಖದಲ್ಲಿ ನಮ್ಮ ಪಾಪಕ್ಕೆ ಹೀಗಾಯಿತು ಅಂತ ಅವರು ಅಂದುಕೊಳ್ಳಲಿಲ್ಲ. ಐದು ತಿಂಗಳೊಳಗೆ, ಅಕ್ಟೋಬರ್ 13ರಂದು, ಯೇವಲೆಯಲ್ಲಿ ನಿಂತು ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ಅದಕ್ಕೂ ಹೆಂಡತಿಯ ಸಾವಿಗೂ ಸಂಬಂಧ ಇದೆ ಅಂತ ನಾವು ಸಾಧಿಸಲು ಹೊರಟಿಲ್ಲ. ಆದರೆ ಒಬ್ಬ ಮನುಷ್ಯನ ಒಂದೇ ವರ್ಷದಲ್ಲಿ ಇವೆರಡೂ ಇವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದಾಗ ಧರ್ಮ ಬಿಟ್ಟು ಬರಿಗೈಯಲ್ಲಿ ಹೋಗಲಿಲ್ಲ, ಧರ್ಮವನ್ನೇ ಹಿಡಿದರು. ಮನುಷ್ಯ ಸಾಲಗಾರನಾಗಿ ನಿಲ್ಲಬೇಕಾಗಿಲ್ಲದ ಧರ್ಮ.

ಈ ಜಾಗದಲ್ಲಿ ನಮ್ಮ ಚಳವಳಿಯ ಒಂದು ಗಾಯವನ್ನೂ ಮುಟ್ಟಬೇಕು. ಸೊರಬ ತಾಲ್ಲೂಕಿನ ಚಂದ್ರಗುತ್ತಿ. ರೇಣುಕಾಂಬೆಗೆ ಬೆತ್ತಲೆ ಸೇವೆ. ಕಷ್ಟ ಬಂದಾಗ ಹೊತ್ತ ಹರಕೆ ತೀರಿಸಲು ಹೊಳೆಯಲ್ಲಿ ಮಿಂದು ಮೈಮೇಲೆ ಬಟ್ಟೆಯಿಲ್ಲದೆ ಗುಡ್ಡ ಹತ್ತುತ್ತಿದ್ದರು. ಹತ್ತುವವರಲ್ಲಿ ನಮ್ಮವರೇ ಬಹಳ. ಬಿ. ಕೃಷ್ಣಪ್ಪನವರ ಮುಂದಾಳ್ತನದ ದಲಿತ ಸಂಘರ್ಷ ಸಮಿತಿ ಇದನ್ನು ಎದುರಿಸಿತು. 1986ರ ಮಾರ್ಚಿನಲ್ಲಿ ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಜನ ತಿರುಗಿಬಿದ್ದರು. ಹೊಡೆದರು, ಪೊಲೀಸರ ಬಟ್ಟೆಯನ್ನೂ ಬಿಚ್ಚಿದರು. ಆಮೇಲೆ ಸರ್ಕಾರ ನಿಷೇಧ ಹಾಕಿತು. ನಿಷೇಧ ಬೇಕಾಗಿತ್ತು, ಅದನ್ನು ತರಿಸಿದ ಹಿರಿಯರಿಗೆ ನಾವು ಋಣಿ. ಆದರೂ ಕೇಳಿಕೊಳ್ಳಬೇಕು: ಬಿಡಿಸಲು ಹೋದವರ ಮೇಲೆಯೇ ನಮ್ಮ ಜನ ಯಾಕೆ ಕಲ್ಲು ಎತ್ತಿದರು? ಎತ್ತಿಕೊಟ್ಟವರು ಬೇರೆ ಇದ್ದಿರಬಹುದು, ಸರಿ. ಆದರೆ ತನ್ನ ಮೈ ತನ್ನದಲ್ಲ, ದೇವಿಗೆ ಬಾಕಿ ಇರುವ ಒತ್ತೆ ಎಂದು ನಂಬಿದವಳಿಗೆ, ಬಟ್ಟೆ ಉಟ್ಟುಕೋ ಅನ್ನುವವನು ಸಾಲ ತೀರಿಸಲು ಬಿಡದ ಶತ್ರುವಾಗಿಯೇ ಕಾಣುತ್ತಾನೆ. ಚಿಗವ್ವನ ಪಡಸಾಲೆಯಲ್ಲಿ ಕೂತು ಚಹಾ ಕುಡಿದು ಕಾಯ್ದೆ ಓದಿದ ನಾವೂ ಅಂಥವರೇ.

ಆ ಹುಡುಗಿ ಏನಾದಳು ಅಂತ ನೀವು ಕೇಳುತ್ತಿದ್ದೀರಿ. ಹೇಳುತ್ತೇವೆ.

ಘಟಪ್ರಭೆಯಲ್ಲಿ 1997ರಲ್ಲಿ ಮಾಜಿ ದೇವದಾಸಿಯರು ತಮ್ಮದೇ ಸಂಸ್ಥೆ ಕಟ್ಟಿಕೊಂಡರು, ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನ 'ಮಾಸ್' ಅನ್ನುತ್ತಾರೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರ ಹೆಸರು ನಿಮಗೆ ಗೊತ್ತು. ಗಂಡುಮಗು ಬೇಕೆಂಬ ಹರಕೆಗೆ ತಂದೆತಾಯಿ ಅವರಿಗೆ ಏಳನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂಥ ಹೆಣ್ಣುಮಕ್ಕಳು ಈ ಸೀಮೆಯಲ್ಲಿ ಬಹಳ ಜನ ಇದ್ದಾರೆ, ಹೆಸರಿಲ್ಲದವರು. ನಮ್ಮ ಸೋಲಿನ ಸುದ್ದಿ ಕೇಳಿ ಅವರಲ್ಲೊಬ್ಬ ದೊಡ್ಡವ್ವ ಸಂಜೆಯ ಬಸ್ಸಿಗೆ ಬಂದಳು. ಸಂಸ್ಥೆಯ ಪರವಾಗಿ ಅಲ್ಲ, ತನ್ನಷ್ಟಕ್ಕೆ ತಾನು. ಬಂದವಳು ಭಾಷಣ ಮಾಡಲಿಲ್ಲ. ಜಗಲಿಯ ಮೇಲಿನ ಯಲ್ಲವ್ವನಿಗೆ ಕೈಮುಗಿದು ಭಂಡಾರ ಹಚ್ಚಿಕೊಂಡಳು. ನಮಗೆ ಸಿಟ್ಟು ಬಂತು, ಇದೇನು ಇವರೂ ಹಿಂಗ ಅಂತ. ಆಮೇಲೆ ಹುಡುಗಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ಆ ಜಡೆಯನ್ನು ಮುಟ್ಟಿ ಮುಟ್ಟಿ ನೋಡಿದಳು. ಚಿಗವ್ವನಿಗೆ ಅಂದಳು:

"ಯಲ್ಲವ್ವ ನನಗೂ ತಾಯಿ, ನಿನಗೂ ತಾಯಿ. ಮಗಳನ್ನ ಮಾರು ಅನ್ನಾಕಿ ತಾಯಿ ಹೆಂಗಾದಾಳು? ಆಕೀಗೂ ಕಷ್ಟ ಬಂದಿತ್ತು, ಗಂಡ ಹೊರಗ ಹಾಕಿದ್ದ. ಆಗ ಆಕೀನ ಒಳಗ ಕರಕೊಂಡಾಕಿ ಮಾತಂಗಿ, ನಮ್ಮ ಕೇರ್ಯಾಕಿ. ಸಾಲ ಇದ್ರ ಆಕೀದು ನಮಗ ಐತಿ, ನಮ್ದು ಆಕೀಗಿಲ್ಲ."

ಗೆಳೆಯರೆ, ಎಷ್ಟು ಪುಸ್ತಕ ಓದಿದರೂ ನಮಗೆ ಹೊಳೆಯದ ಮಾತು ಅದು. ಅದೇ ಕಥೆ, ಅದೇ ದೇವಿ. ಲೆಕ್ಕದ ಪುಸ್ತಕವನ್ನು ಮಾತ್ರ ತಿರುವಿ ಹಾಕಿದಳು. ಚಿಗವ್ವ ತಾಸುಗಟ್ಟಲೆ ಸುಮ್ಮನೆ ಕೂತಳು, ಅತ್ತಳು. ಕೊನೆಗೆ ಕತ್ತರಿ ಯಾರು ಹಿಡಿಯುವುದು ಅಂತ ಬಂದಾಗ "ನನ್ನ ಮ್ಯಾಲ ಬರ್ಲಿ, ಏನ್ ಬರ್ತೈತೋ" ಅಂತ ದೊಡ್ಡವ್ವನೇ ಕತ್ತರಿಸಿದಳು. ಮರುದಿನ ಬೆಳಗ್ಗೆ ಕಾಕಾನನ್ನು ಸರ್ಕಾರಿ ದವಾಖಾನೆಗೆ ಕರೆದೊಯ್ಯುವ ಕೆಲಸ ನಮ್ಮ ಪಾಲಿಗೆ ಬಂತು. ಕಫ ಪರೀಕ್ಷೆ ಮಾಡಿದರು. ಟಿ.ಬಿ. ಆರು ತಿಂಗಳ ಗುಳಿಗೆ, ಪುಕ್ಕಟೆ. ಮೊದಲ ಭೇಟಿಯಲ್ಲೇ ನಾವು ಮಾಡಬೇಕಾಗಿದ್ದ ಕೆಲಸ ಅದು. ಆಕಿ ಕೇಳಿದ್ದು ಕೆಮ್ಮಿನ ಮಾತು, ನಾವು ಹೇಳಿದ್ದು ಕಾಯ್ದೆಯ ಮಾತು!

ಚಿಗವ್ವ ಈಗ ನಾಸ್ತಿಕಳಾಗಿಲ್ಲ. ವರ್ಷಕ್ಕೊಮ್ಮೆ ಗುಡ್ಡಕ್ಕೆ ಹೋಗುತ್ತಾಳೆ, ಜೋಗುಳಬಾವಿಯಲ್ಲಿ ಮೀಯುತ್ತಾಳೆ, ಪಡಲಗಿ ತುಂಬಿಸುತ್ತಾಳೆ, ಉಧೋ ಅನ್ನುತ್ತಾಳೆ. ಮಗಳು ಜೊತೆಗೆ ಹೋಗುತ್ತಾಳೆ, ಜೊತೆಗೇ ಬರುತ್ತಾಳೆ. ಕಾಕಾನ ಎದೆ ಪೂರ್ತಿ ಸರಿಯಾಗಿಲ್ಲ, ಕಬ್ಬಿಗೆ ಹೋಗುವುದಿಲ್ಲ. ಅಡ್ವಾನ್ಸಿನ ಸಾಲ ಇನ್ನೂ ಇದೆ. ಆ ಸಾಲ ನಿಜವಾದದ್ದು, ಅದರ ಜಗಳ ಬೇರೆ.

ಕವಿ ಸಿದ್ಧಲಿಂಗಯ್ಯನವರು ಮನೆ ಮಂಚಮ್ಮ ಎಂಬ ದೇವತೆಯ ಕಥೆ ಹೇಳುತ್ತಿದ್ದರು. ಊರವರು ಆಕೆಗೆ ಗುಡಿ ಕಟ್ಟಿ ಇನ್ನೇನು ಚಾವಣಿ ಹಾಕಬೇಕು, ಆಗ ದೇವಿ ಮೈಮೇಲೆ ಬಂದು ಊರಿನಲ್ಲಿ ಎಲ್ಲರಿಗೂ ಮನೆ ಇದೆಯಾ ಅಂತ ಕೇಳಿದಳಂತೆ. ಇಲ್ಲ ಅಂದರು. ಹಾಗಾದರೆ ನನಗೂ ಬೇಡ ಅಂದಳು. ಗುಡಿಗೆ ಚಾವಣಿಯಿಲ್ಲ. ಇಂಥ ದೇವಿಯನ್ನು ಕಂಡವರು ತಮ್ಮನ್ನು ಪಾಪಿಗಳೆಂದು ತಿಳಿದವರಾಗಿರಲು ಸಾಧ್ಯವಿಲ್ಲ. ಮನೆ ಇಲ್ಲದ್ದು ತಮ್ಮ ತಪ್ಪಲ್ಲ ಅಂತ ಅವರಿಗೆ ಗೊತ್ತಿತ್ತು.

ಕೆಲವರು ಇನ್ನೂ ಮುಂದೆ ಹೋಗುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ನಮ್ಮ ಹುಡುಗನೊಬ್ಬ ಉತ್ಸವದ ದೇವರ ಕೋಲು ಮುಟ್ಟಿದನೆಂದು ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಕೂಲಿ ಮಾಡುವ ತಾಯಿ. ಹಿಂದಿನ ಕಾಲವಾಗಿದ್ದರೆ ಮಗನನ್ನು ಹೊಡೆದು, ತಪ್ಪುಕಾಣಿಕೆ ಒಪ್ಪಿಸಿ, ದೇವರೇ ಕ್ಷಮಿಸು ಅನ್ನುತ್ತಿದ್ದರು. ಆ ತಾಯಿ ಮನೆಯ ಗೋಡೆಯಿಂದ ದೇವರ ಫೋಟೋಗಳನ್ನು ಇಳಿಸಿ ಬಾಬಾಸಾಹೇಬರ ಫೋಟೋ ಹಾಕಿದಳು. ನಾವು ಮುಟ್ಟುವುದು ದೇವರಿಗೆ ಬೇಡವಾದರೆ ನಮಗೂ ಆ ದೇವರು ಬೇಡ ಅನ್ನುವುದು ಆಕೆಯ ಮಾತಿನ ಅರ್ಥ. ಪೊಲೀಸರಿಗೂ ದೂರು ಹೋಯಿತು. ಚಿಗವ್ವ ದೇವಿಯನ್ನು ಇಟ್ಟುಕೊಂಡಳು, ಈ ತಾಯಿ ಇಳಿಸಿದಳು. ಯಾರು ಹೆಚ್ಚು ಕ್ರಾಂತಿಕಾರಿ ಅಂತ ಹಾಸ್ಟೆಲಿನಲ್ಲಿ ಜಗಳ ಮಾಡಬೇಡಿ. ಇಬ್ಬರೂ ತಪ್ಪು ತಮ್ಮದಲ್ಲ ಅಂತ ಕಂಡುಕೊಂಡವರು.

ಫೋಟೋದ ಮಾತು ಬಂದದ್ದಕ್ಕೆ ಒಂದು ಹೇಳಬೇಕು, ಸಿಟ್ಟಾಗಬೇಡಿ. ಬಾಬಾಸಾಹೇಬರ ಫೋಟೋಕ್ಕೆ ಊದಿನಕಡ್ಡಿ ಹಚ್ಚಿ "ಇಂಗ್ಲೀಷೊಂದು ಪಾಸು ಮಾಡಪ್ಪ" ಅಂದರೆ ಗೋಡೆಯ ಮೇಲಿನ ಚಿತ್ರ ಬದಲಾಯಿತು, ಕೆಳಗೆ ನಿಂತವನು ಬದಲಾಗಲಿಲ್ಲ. ಹೋದ ವರ್ಷ ಒಬ್ಬ ತಮ್ಮ ಇಂಗ್ಲೀಷಿನಲ್ಲಿ ಫೇಲಾಗಿ ಟ್ರಂಕು ಕಟ್ಟಿಕೊಂಡು ಕೂತಿದ್ದ. "ಅಣ್ಣಾ, ನಮ್ಮ ಹಣೇಬರಾನ ಇಷ್ಟು" ಅಂದ. ಅಕ್ಷರ ಕಲಿಯಬಾರದು ಅಂತ ಸಾವಿರ ವರ್ಷ ಹೊರಗೆ ನಿಲ್ಲಿಸಿದ ಜನರ ಹಣೆಯ ಮೇಲೆ ಮಾತ್ರ ಬರಹ! ಅದನ್ನು ಓದಿದವರು ಯಾರು? ಅವನ ಅವ್ವ ಊರಿನಲ್ಲಿ ಅವನ ಹೆಸರಿನಲ್ಲಿ ಐದು ಮಂಗಳವಾರ ಉಪವಾಸ ಹಿಡಿದಿದ್ದಳು. ಆ ಉಪವಾಸವನ್ನು ನಾವು ಅಣಕಿಸಲಿಲ್ಲ. ಮಗ ಓದಿಯಾನು ಎಂಬ ನಂಬಿಕೆ ಅದರಲ್ಲಿತ್ತು. ಅದು ಅವನಲ್ಲೇ ಇರಲಿಲ್ಲ. ಟ್ರಂಕು ಬಿಚ್ಚಿಸಿದೆವು. ದಿನಾ ರಾತ್ರಿ ಒಂಬತ್ತರಿಂದ ಹತ್ತು ಇಂಗ್ಲೀಷು ಹೇಳಿಕೊಡಲು ಒಬ್ಬರು ಒಪ್ಪಿದ್ದಾರೆ. ನಿಮ್ಮ ರೂಮಿನಲ್ಲೂ ಯಾರಾದರೂ ಮಾತು ಬಿಟ್ಟು, ಊಟ ಬಿಟ್ಟು ಗೋಡೆ ನೋಡುತ್ತಾ ಮಲಗಿದ್ದರೆ ಅವರನ್ನು ಒಬ್ಬರೇ ಬಿಡಬೇಡಿ. ಮೊದಲು ಹತ್ತಿರ ಕೂತುಕೊಳ್ಳಿ. ಭಾಷಣ ಆಮೇಲೆ.

ಕೊನೆಯದಾಗಿ ಕೆಲಸದ ಮಾತು. ಬರುವ ಭರತ ಹುಣ್ಣಿಮೆಗೆ ನಾವು ಕೆಲವರು ಗುಡ್ಡಕ್ಕೆ ಹೋಗುವವರಿದ್ದೇವೆ. ಘೋಷಣೆ ಕೂಗಲು ಅಲ್ಲ. ದೊಡ್ಡವ್ವ ಬರುತ್ತಾಳೆ, ಆಕೆಯ ಜೊತೆಯವರು ನಾಲ್ಕೈದು ಮಂದಿ ಬರುತ್ತಾರೆ. ಮಾತು ಅವರದು. ನಾವು ನೀರು ತರುವುದು, ಜಡೆಯ ಮಕ್ಕಳನ್ನು, ಕೆಮ್ಮುವವರನ್ನು ಕಂಡರೆ ಊರು ಕೇಳಿ ಬರೆದುಕೊಳ್ಳುವುದು, ಆಮೇಲೆ ಅವರ ಊರಿಗೆ ಹೋಗಿ ದವಾಖಾನೆಗೆ ಕರೆದೊಯ್ಯುವುದು. ಬರುವವರು ಸಭೆ ಮುಗಿದ ಮೇಲೆ ಹೆಸರು ಬರೆಸಿ. ಬಾಚಣಿಗೆ, ಕೊಬ್ಬರಿ ಎಣ್ಣೆ ತಂದರೆ ಒಳ್ಳೆಯದು. ಬಸ್ ಚಾರ್ಜು ಅವರವರದೇ.